ಇಸ್ತ್ರಿ ಸುಟ್ಟ ಕೋಟು

"ಕಳ್ಳ ಮುಂಡೆ! ನನ್ನ ಕೋಟನ್ನೇ ಬೀದೀಲಿ ಮಾರ್ತೀಯೇನೇ?"

ಅಮ್ಮಾವ್ರು ಕೂಗಿದ ರಭಸಕ್ಕೆ ಅಂಗಡಿಯಲ್ಲಿದ್ದ ಗಿರಾಕಿಗಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ಹಿಂದೆ ಸರಿದರು. ಅಂಗಡಿಯೆಂದರೆ ಅಂಥ ಅಂಗಡಿಯೇನಲ್ಲ, ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದು. ಜನ ಬಿಸಾಕಿದ ಬಟ್ಟೆ ತಂದು, ಒಗೆದು, ಹರಿದಲ್ಲಿ ಕಸೂತಿ ಹಾಕಿ ಮಾರುವ ವ್ಯಾಪಾರ. ಬಾಯಿ ಸೊಸೆಯದು, ಸೂಜಿ ಮುದುಕಿಯದು. ಹಳೇದು ಅನ್ನಬಾರದು, ವಿಂಟೇಜ್ ಅನ್ನಬೇಕು ಅಂತ ಸೊಸೆ ಬೋರ್ಡು ಬರೆಸಿದ್ದಳು. ಮುದುಕಿಗೆ ಹರಕು ಹರಕೇ.

ಮುದುಕಿ ಎದ್ದು ನಿಂತಳು. ಬಹುಕಾಲ ಅಮ್ಮಾವ್ರ ಮನೆಯ ಮುಸುರೆ ತಿಕ್ಕಿದವಳು; ಆ ದನಿ ಕೇಳಿದರೆ ಕಾಲು ತಾನೇ ಏಳುತ್ತದೆ. ತನ್ನ ಕಾಲಿನ ಮೇಲೇ ಅವಳಿಗೆ ಸಿಟ್ಟು ಬಂತು.

"ನೀವೇ ಕೊಟ್ಟದ್ದಲ್ವಾ ಅಮ್ಮಾವ್ರೇ?"

"ಹಾಕ್ಕೊಳ್ಳೋಕೆ ಕೊಟ್ಟೆ ಕಣೇ, ಮಾರ್ಕೊಳ್ಳೋಕಲ್ಲ! ಉಂಡ ಮನೆ ಜಂತೆ ಎಣಿಸೋ ಜಾತಿ!"

ಮುದುಕಿ ಆ ಮನೆಯಲ್ಲಿ ಉಂಡದ್ದು ತಂಗಳು. ಜಂತೆ ಎಣಿಸಲು ತಲೆಯೆತ್ತಿದ್ದೇ ಇಲ್ಲ. ಕೋಟು ಕೈಗೆ ಬಂದ ದಿನ ಜ್ವರದಲ್ಲೇ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಕಣ್ಣು ಕತ್ತಲಿಟ್ಟು, ಇಸ್ತ್ರಿ ಪೆಟ್ಟಿಗೆ ಕೋಟಿನ ಬೆನ್ನ ಮೇಲೇ ನಿಂತುಬಿಟ್ಟಿತ್ತು. ಅಮ್ಮಾವ್ರು ಕೆನ್ನೆಗೆ ಬಾರಿಸಿ, ಸುಟ್ಟ ಕೋಟನ್ನು ಮುಖದ ಮೇಲೆಸೆದು, "ಈ ತಿಂಗಳ ಸಂಬಳ ಇದೇ, ತೊಲಗು" ಅಂದಿದ್ದರು. ಮುದುಕಿ ತೂತಿಗೆ ಒಳಗಿಂದ ತೇಪೆ ಕೊಟ್ಟು, ಮೇಲೆ ಹಣ್ಣು ಬಿಟ್ಟ ದಾಳಿಂಬೆ ಗಿಡವೊಂದನ್ನು ಕಸೂತಿಯಲ್ಲಿ ಬೆಳೆಸಿದ್ದಳು. ಸೊಸೆ ಅದನ್ನು ಬಾಗಿಲಿಗೇ ನೇತುಹಾಕಿದ್ದಳು. ದಾರಿಹೋಕರನ್ನು ಒಳಗೆ ಎಳೆಯುತ್ತಿದ್ದದ್ದು ಅದೇ.

ಅಮ್ಮಾವ್ರಿಗೂ ದಾರಿಯಲ್ಲಿ ಹೋಗುವಾಗಲೇ ಕಂಡದ್ದು. ಕಂಡದ್ದೇ ತಡ, ಬೀದಿ ಮೂಲೆಯಲ್ಲಿದ್ದ ಪೊಲೀಸಿನವನನ್ನು ಕರೆದುಕೊಂಡು ಬಂದಿದ್ದರು.

"ಕಂಪ್ಲೇಂಟು ಗಿಂಪ್ಲೇಂಟು ಬೇಡ ಅಂತಿದ್ದಾರೆ, ನಿನ್ನ ಪುಣ್ಯ" ಎಂದ ಅವನು. "ಕೋಟು ಕೊಟ್ಟು ಅಂಗಡಿ ಎತ್ತು."

"ಕೋಟು ತಗೊಂಡು ಹೋಗಿ ಮೇಡಂ, ಅಂಗಡಿ ಮಾತ್ರ ತೆಗೆಸಬೇಡಿ. ನಮಗೆ ಇದು ಬಿಟ್ಟರೆ ಇನ್ನೇನೂ ಇಲ್ಲ" ಎಂದು ಸೊಸೆ ಅಂಗಲಾಚಿದಳು.

"ಇಲ್ಲಿರೋದೆಲ್ಲ ನಮ್ಮ ಬೀದಿ ಮನೆಗಳದ್ದೇ. ಎಲ್ಲ ಮೂಟೆ ಕಟ್ಟಿಸಿ" ಎಂದು ಅಮ್ಮಾವ್ರು ಪೊಲೀಸಿನವನಿಗೆ ಹೇಳಿದರು. ಕೈ ಮಾತ್ರ ದಾಳಿಂಬೆಯ ಮೇಲೇ ಆಡುತ್ತಿತ್ತು. ಕೋಟನ್ನು ಮುದುಕಿಯತ್ತ ಚಾಚಿದರು. "ಇದನ್ನ ನೀಟಾಗಿ ಮಡಚಿ ಕೊಡು. ಕಸೂತಿ ಮುದುಡಬಾರದು."

ಮಡಚಿ ಕೊಡಬೇಕಂತೆ! ಮುದುಕಿಯ ಮೈಯೆಲ್ಲ ಉರಿದುಹೋಯಿತು. ಕೋಟು ಇಸಕೊಂಡು ನೆಲಕ್ಕೆ ಕೂತಳು. ಚಿಕ್ಕ ಕತ್ತರಿಯ ಮೊನೆಯನ್ನು ಮೊದಲ ಹಣ್ಣಿನ ದಾರದಡಿ ತೂರಿಸಿ ಕತ್ತರಿಸಿದಳು.

"ಏಯ್! ಏನ್ ಮಾಡ್ತಿದ್ದೀಯೇ?"

"ನಿಮ್ಮದು ನಿಮಗೆ ಕೊಡ್ತಿದ್ದೀನಿ. ದಾರ ನನ್ನದು."

"ಬೇಡ ಕಣೇ, ಹಾಗೇ ಕೊಡೇ! ಹಾಗೇ ಇರ್ಲಿ!"

ಮುದುಕಿ ತಲೆಯೆತ್ತಲಿಲ್ಲ. ಹಣ್ಣು ಹೋಯಿತು, ಎಲೆ ಹೋಯಿತು, ಕೊಂಬೆ ಹೋಯಿತು, ತೇಪೆ ಕಳಚಿ ಬಿತ್ತು. ಕರಕಲು ಅಂಚಿನ ತೂತು ಎಲ್ಲರೆದುರು ಬಾಯ್ದೆರೆಯಿತು.

"ತಗೊಳ್ಳಿ. ನೀವು ಕೊಟ್ಟದ್ದು ಇಷ್ಟೇ."

ಅಮ್ಮಾವ್ರು ಮುಟ್ಟಲಿಲ್ಲ. ಪೊಲೀಸಿನವನು ಗದರಿಕೊಳ್ಳುತ್ತಾ ಸಾಲಿನಲ್ಲಿದ್ದ ಮುಂದಿನ ಬಟ್ಟೆಗೆ ಕೈಹಾಕಿದ.

"ಸ್ವಲ್ಪ ತಡಿಯಪ್ಪಾ" ಅಂದಳು ಮುದುಕಿ. "ಅದರಲ್ಲೂ ನಮ್ಮ ದಾರ ಇದೆ."

ಸೊಸೆ ಅಳುತ್ತಲೇ ಇನ್ನೊಂದು ಕತ್ತರಿ ಹುಡುಕಿ ತಂದು ಅತ್ತೆಯ ಪಕ್ಕದಲ್ಲಿ ಕೂತಳು.