ವಲ್ಲಿಯ ಕೆಳಗೆ ಎರಡು ಬೆರಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಾಯಗಾಂವದಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ದಿನ ಔರಾದಿಗೆ ಹೊರಟಾಗ ನನ್ನಲ್ಲಿದ್ದದ್ದು ಸಿಟ್ಟಲ್ಲ, ಸೊಕ್ಕು. ಹಳೆಯ ಲೋಡರ್ ಕೊಳ್ಳುವಾಗ ಯಾವ್ಯಾವ ಎಣ್ಣೆ ನೋಡಬೇಕು, ಹೇಗೆ ನೋಡಬೇಕು ಎಂದು ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತಿದ್ದೆ. ನನಗೆ ಯಾರೂ ಟೋಪಿ ಹಾಕಲಾರರು ಎಂಬ ಧೈರ್ಯ ಬಂದಿತ್ತು.

ನಮ್ಮದು ಕುರಿಗೊಬ್ಬರದ ವ್ಯಾಪಾರ. ಮನೆಯ ಎಂಬತ್ತು ಕುರಿಗಳ ಗೊಬ್ಬರದ ಜೊತೆ ಸುತ್ತಲಿನ ಹಟ್ಟಿಗಳದ್ದನ್ನೂ ಕೊಂಡು ಲಾರಿಗೆ ತುಂಬಿಸುತ್ತೇವೆ. ಬುಟ್ಟಿಯಲ್ಲಿ ಹೊತ್ತು ಹೊತ್ತು ಎಲ್ಲರ ಸೊಂಟ ಬಿದ್ದುಹೋಗಿತ್ತು. ಸ್ಕಿಡ್ ಸ್ಟಿಯರ್ ಲೋಡರ್ ಎಂದರೆ ಆಳೆತ್ತರದ ಗಿಡ್ಡ ಯಂತ್ರ. ಮುಂದೆ ಬಕೆಟ್, ನಿಂತ ಜಾಗದಲ್ಲೇ ಗಿರ್ರನೆ ತಿರುಗುತ್ತದೆ. ಕುರಿದೊಡ್ಡಿಯ ಇಕ್ಕಟ್ಟಿಗೆ ಅದೇ ಸರಿ ಎಂದು ಹಟ ಹಿಡಿದವಳು ನಾನೇ. ಗಂಡ ಕಾಶೀನಾಥ ಅಂದು ಲಾರಿಯ ಜೊತೆ ಭಾಲ್ಕಿಯಲ್ಲಿದ್ದ. ಹಾಗಾಗಿ ನಾನು ಮತ್ತು ಮಾವ ಧೊಂಡಿಬಾ ಬಸ್ಸು ಹತ್ತಿದೆವು.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಕಣ್ಣು ಇರುವುದು ದಾರಿ ನೋಡಲಿಕ್ಕೆ ಮಾತ್ರ, ಮಿಕ್ಕಿದ್ದೆಲ್ಲ ಕೈಯಿಂದಲೇ ನೋಡುತ್ತಾರೆ. ಕುರಿಯ ಹೊಟ್ಟೆ ಮುಟ್ಟಿ ಮರಿ ಒಂದೋ ಎರಡೋ ಹೇಳುತ್ತಾರೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲದೊಳಗೆ ಕೈ ಇಟ್ಟು ಹಸಿ ಎಷ್ಟಿದೆ ಎಂದು ಹೇಳಿದರೆ ಅಡತಿ ವ್ಯಾಪಾರಿಗಳೂ ಎದುರಾಡುವುದಿಲ್ಲ.

ಔರಾದಿನ ಶರಫೋದ್ದೀನ ಮೊದಲು ಎತ್ತಿನ ದಲಾಲಿ. ಈಗ ಅದೇ ಬಾಯಿಂದ ಹಳೆಯ ಯಂತ್ರ ಮಾರುತ್ತಾನೆ. ನಾವು ಬರುವತನಕ ಇಂಜಿನ್ ಚಾಲೂ ಮಾಡಬಾರದೆಂದು ಫೋನಿನಲ್ಲೇ ಹೇಳಿದ್ದೆ, ಯಾಕೆಂದರೆ ಬಿಸಿಯಾದ ಯಂತ್ರ ತನ್ನ ರೋಗ ಮುಚ್ಚಿಡುತ್ತದೆ. ಹೋದವಳೇ ಅಳತೆ ಕಡ್ಡಿ ಎಳೆದೆ. ಎಣ್ಣೆ ಜೇನಿನ ಹಾಗೆ ತಿಳಿಯಾಗಿತ್ತು.

"ಇಷ್ಟ್ ಸಾಫ್ ಎಣ್ಣಿ ಯಾಕ್ರಿ? ನಿನ್ನಿ ಹಾಕೀರಿ ಹೌದಿಲ್ಲೋ? ಹಳೇದರಾಗ ಏನಿತ್ತು ಅಂತ ನಮಗ ಹ್ಯಾಂಗ ತಿಳೀಬೇಕು?" ಎಂದೆ.

ಶರಫೋದ್ದೀನ ನಕ್ಕುಬಿಟ್ಟ. "ಅಕ್ಕಾ, ನೀವು ಡಾಕ್ಟ್ರೇನ್ರಿ? ಹಳೇ ಎಣ್ಣಿ ಡಬ್ಬಿದಾಗ ತೆಗೆದಿಟ್ಟೀನಿ. ನೋಡ್ಕೋರಿ."

ನೋಡಿದೆ. ಕಪ್ಪಗಿತ್ತು, ಆದರೆ ಹಾಲು ಬೆರೆಸಿದಂತೆ ಬೆಳ್ಳಗಾಗಿರಲಿಲ್ಲ. ಅಂದರೆ ನೀರು ಸೇರಿಲ್ಲ. ಅಯಸ್ಕಾಂತ ಅದ್ದಿದೆ, ಕಬ್ಬಿಣದ ಚೂರೂ ಬರಲಿಲ್ಲ. ರೇಡಿಯೇಟರಿನ ನೀರು ಹಸಿರಾಗಿ ಚೊಕ್ಕವಾಗಿತ್ತು. ಕಡೆಗೆ ಹೈಡ್ರಾಲಿಕ್ ಎಣ್ಣೆ ನೋಡಿದೆ. ಬಕೆಟ್ ಎತ್ತುವ ಬಲವೆಲ್ಲ ಆ ಎಣ್ಣೆಯದ್ದೇ. ಅದು ಗುರುತಿಗಿಂತ ಎರಡು ಬೆರಳು ಕೆಳಗಿತ್ತು.

"ಇದು ಎಲ್ಲೋ ಸೋರ್ತದ," ಎಂದೆ.

"ಖುದಾ ಕಸಂ, ಒಂದು ಹನಿ ಇಲ್ರಿ," ಎಂದು ಆತ ಇಂಜಿನ್ ಚಾಲೂ ಮಾಡಿ ಬಕೆಟ್ ಮೇಲೆತ್ತಿ ನಿಲ್ಲಿಸಿದ. ನೆಲದ ಮೇಲೆ ನಿಜವಾಗಿಯೂ ಒಂದು ಹನಿಯೂ ಇರಲಿಲ್ಲ. ನನಗೆ ಉರಿಯಿತು. ಸೋಲಬಾರದು ಎನ್ನಿಸಿತು. ಬಕೆಟ್ಟಿನ ತೋಳಿನ ಪಕ್ಕ ರಬ್ಬರ್ ಪೈಪೊಂದು ಧೂಳು ಮೆತ್ತಿಕೊಂಡು ಹಸಿಯಾಗಿ ಕಂಡಿತು.

"ಮಾವಾ, ಆ ಪೈಪಿಗಿ ಕೈ ಹಚ್ಚಿ ನೋಡ್ರಿ. ನಿಮ್ಮ ಕೈಗಿ ತಿಳೀತದ."

ಮಾವ ಕುರಿಯ ಬೆನ್ನು ಸವರುವಂತೆ ಪೈಪಿನ ಮೇಲೆ ಬೆರಳು ಎಳೆದರು. ನಡುವೆ ತಟ್ಟನೆ ಕೈ ಹಿಂದೆ ತೆಗೆದರು.

"ಏನೋ ತಂತಿ ಚುಚ್ಚಿತು," ಎಂದರು. ತೋರುಬೆರಳ ತುದಿಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ. ರಕ್ತವೂ ಬಂದಿರಲಿಲ್ಲ. ಧೋತರಕ್ಕೆ ಒರೆಸಿಕೊಂಡರು. "ಆದ್ರ ಖರೇನ ಅದ ನೋಡವ್ವಾ. ಸಣ್ಣಾಗಿ ಗಾಳಿ ಬಂದಂಗ ಬರ್ತದ."

"ಸಿಕ್ತು ನೋಡ್ರಿ!" ಎಂದು ನಾನು ಚಪ್ಪಾಳೆ ತಟ್ಟಿದೆ. ನಾಚಿಕೆಗೇಡು. ಚಪ್ಪಾಳೆ ತಟ್ಟಿದೆ.

ಚಹಾ ಬಂತು. ಸೋರುವ ಪೈಪಿನ ನೆಪ ಹಿಡಿದು ನಾನು ಶರಫೋದ್ದೀನನನ್ನು ಮುಕ್ಕಾಲು ಗಂಟೆ ಅರೆದೆ. ಆತ ಪೈಪ್ ಬದಲಿಸಿಕೊಡಲು ಒಪ್ಪಿದ. ರೇಟಿನಲ್ಲಿ ಎಷ್ಟು ಬಿಡುತ್ತಾನೆ ಎಂಬ ಮಾತು ಉಳಿಯಿತು. ಆದರೆ ಉದಗೀರ ಕಡೆಯ ಇಬ್ಬರು ಗಿರಾಕಿಗಳು ಅಲ್ಲೇ ಕಿವಿ ನೆಟ್ಟು ಕುಳಿತಿದ್ದರು.

"ಕಾಕಾ, ವಲ್ಲಿ ತರ್ರಿ ಇತ್ತ. ನಮ್ಮ ಹಳೇ ರಿವಾಜಿನಂಗೇ ಆಗ್ಲಿ," ಎಂದ ಶರಫೋದ್ದೀನ.

ಮಾವನ ಮುಖ ಅರಳಿತು. ಎತ್ತಿನ ಸಂತೆಯ ಪದ್ಧತಿ ಅದು. ವಲ್ಲಿಯನ್ನು, ಅಂದರೆ ಹೆಗಲ ಮೇಲಿನ ವಸ್ತ್ರವನ್ನು, ಇಬ್ಬರ ಕೈಗಳ ಮೇಲೆ ಹೊದಿಸುತ್ತಾರೆ. ಒಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳೋ ಅಷ್ಟು ಅಂಕಿ, ಸಾವಿರವೋ ಲಕ್ಷವೋ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ನೋಡುವವರಿಗೆ ವಲ್ಲಿ ಅಲುಗಾಡುವುದಷ್ಟೇ ಕಾಣುತ್ತದೆ. ಅಂಕಿಯನ್ನು ಬಾಯಿಬಿಟ್ಟು ಹೇಳುವುದು ಅವಮಾನ.

ವಲ್ಲಿ ಅಲುಗಿತು. ಮಾವ ಹುಬ್ಬು ಗಂಟಿಕ್ಕಿದರು. ಮತ್ತೆ ಅಲುಗಿತು. ಮಾವ ತಲೆ ಅಲ್ಲಾಡಿಸಿದರು. ಮೂರನೆಯ ಸಲ ಅವರಿಗೆ ಸಿಟ್ಟೇ ಬಂತು.

"ಒಂದೇ ಒಂದು ಬಿಡ್ತೀಯೇನೋ? ಇದೇನು ಮಾತ?"

ಅಂಕಿ ಬಾಯಿಗೆ ಬಂದದ್ದಕ್ಕೆ ಶರಫೋದ್ದೀನ ಬೆಚ್ಚಿಬಿದ್ದ. "ಒಂದಲ್ರಿ ಕಾಕಾ! ಎರಡು ಹಿಡದೀನಿ."

"ಒಂದೇ ಹಿಡದಿ. ಐವತ್ತು ವರ್ಷ ವಲ್ಲಿ ಕೆಳಗ ಕೈ ಇಟ್ಟಾಂವ ನಾ. ನನಗ ಸುಳ್ಳ ಹೇಳ್ತಿ?"

"ಇಮಾನ್ದಾರಿಲೆ ಹೇಳ್ತೇನಿ, ಎರಡು!" ಎಂದು ಆತ ವಲ್ಲಿಯನ್ನು ಕಿತ್ತೆಸೆದ.

ಆತನ ಮುಷ್ಟಿಯಲ್ಲಿ ಮಾವನ ಎರಡು ಬೆರಳುಗಳಿದ್ದವು. ನಡುಬೆರಳು ಮತ್ತು ತೋರುಬೆರಳು. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಮಾವ ತಮ್ಮ ತೋರುಬೆರಳನ್ನು ಬೇರೆ ಯಾರದೋ ಬೆರಳು ಎಂಬಂತೆ ನೋಡುತ್ತಿದ್ದರು.

"ನನಗ ತಿಳೀಲಿಲ್ಲ," ಎಂದರು ಮೆಲ್ಲಗೆ. "ಸಿದ್ದೇಶ್ವರಿ, ನನ್ನ ಬೆರಳಿಗಿ ತಿಳೀಲಿಲ್ಲ."

ಬೆರಳು ಮುಟ್ಟಿದೆ. ತಣ್ಣಗಿತ್ತು, ಊದಿ ಬಿಗಿದುಕೊಂಡಿತ್ತು, ಬಣ್ಣ ಮೇಣದ್ದು. ಮಾವನ ಕೈ ತಪ್ಪು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಶರಫೋದ್ದೀನ ಕೂಗಿದ ಕೂಗಿಗೆ ಪಕ್ಕದ ಮನೆಯಿಂದ ಆತನ ಅಕ್ಕ ಹಮೀದುನ್ನಿಸಾ ಓಡಿಬಂದರು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ತಂತಿ ಚುಚ್ಚಿತು ಎಂದ ಮಾವನ ಬೆರಳಿನ ಚುಕ್ಕೆ ನೋಡಿದರು, ಇನ್ನೂ ಗುಡುಗುತ್ತಿದ್ದ ಯಂತ್ರವನ್ನು ನೋಡಿದರು, ತಮ್ಮನಿಗೆ ಅದನ್ನು ಬಂದ್ ಮಾಡೆಂದರು.

"ತಂತಿ ಅಲ್ರಿ ಇದು. ಎಣ್ಣಿ ಒಳಗ ಹೋಗ್ಯದ. ಈಗಿಂದೀಗ ಬೀದರಕ್ಕ ಹೋಗ್ರಿ."

ಮಾವ ನಗಲು ನೋಡಿದರು. "ಅರಿಶಿಣ ಹಚ್ಚಿದ್ರ ಹೋಗ್ತದ ಬಿಡ್ರಿ. ಮುಳ್ಳು ಚುಚ್ಚಿದ್ದಕ್ಕ ಯಾರರ ಬೀದರಕ್ಕ ಹೋಗ್ತಾರೇನು?"

"ಹಿಂಗೇ ಅಂದು ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಮನಿಗಿ ಹೋದ. ಐದನೇ ದಿನ ಮೊಳಕೈ ಮಟ ತೆಗೆದ್ರು. ನಾನೇ ಬಾಜೂಕ ನಿಂತಿದ್ದೆ," ಎಂದರು ಹಮೀದುನ್ನಿಸಾ. ಅಷ್ಟು ಹೇಳಿ ಬೀದರಿನ ಸರ್ಜನ್ ಒಬ್ಬರಿಗೆ ಫೋನ್ ಹಚ್ಚಿದರು.

ಶರಫೋದ್ದೀನ ಜೀಪನ್ನು ಬೀದರಿನವರೆಗೆ ಎಲ್ಲೂ ನಿಲ್ಲಿಸದೆ ಹೊಡೆದ. ಮಾವನಿಗೆ ಈಗ ನೋವು ಶುರುವಾಗಿತ್ತು, ಅಂಗೈಯಲ್ಲಿ, ಬೆರಳಿನಲ್ಲಲ್ಲ. ನಾನು ಏನು ಮಾಡಬೇಕೆಂದು ತಿಳಿಯದೆ ಮೊಬೈಲ್ ತೆಗೆದು ಅದೇ ವಿಡಿಯೊ ಹಚ್ಚಿದೆ. ಸೋರಿಕೆ ಹುಡುಕುವ ಭಾಗ ಬಂತು. ಅದಕ್ಕೂ ಮೊದಲು ಕೆಂಪು ಅಕ್ಷರದ ಒಂದು ತುಂಡು ಇತ್ತು. ನಾನು ಅದನ್ನು ಪ್ರತಿಸಲವೂ ಬೆರಳಿನಿಂದ ಮುಂದಕ್ಕೆ ತಳ್ಳಿದ್ದೆ. ಜಾಹೀರಾತು ಇರಬೇಕು, ಇಲ್ಲವೇ ಹುಷಾರಾಗಿರಿ ಎಂಬ ಖಾಲಿ ಉಪದೇಶ ಎಂದುಕೊಂಡಿದ್ದೆ.

ಈ ಸಲ ತಳ್ಳಲಿಲ್ಲ. ನಲವತ್ತು ಸೆಕೆಂಡ್ ಇತ್ತು. ಒಬ್ಬ ಮನುಷ್ಯ ಪೈಪಿನ ಮುಂದೆ ರಟ್ಟಿನ ತುಂಡು ಹಿಡಿದು ನಿಂತಿದ್ದ. ಸೋರಿಕೆಯನ್ನು ರಟ್ಟು ಹಿಡಿದೇ ನೋಡಬೇಕು, ಕೈ ಹಚ್ಚಿ ನೋಡಲೇಬಾರದು ಎಂದ. ಕಣ್ಣಿಗೆ ಕಾಣದ ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಮೊದಲು ನೋವೇ ಇರುವುದಿಲ್ಲ ಎಂದ. ನಾನು ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದೆ.

ಬೀದರಿನಲ್ಲಿ ಡಾಕ್ಟರು ಕಾದೇ ಇದ್ದರು. ಮೂರು ಗಂಟೆಯ ಆಪರೇಷನ್. ಎಣ್ಣೆ ಬೆರಳಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿನ ಹತ್ತಿರಕ್ಕೆ ಹರಿದಿತ್ತಂತೆ.

"ಬೆರಳು ಉಳೀಲಿಲ್ಲಮ್ಮ. ಕೈ ಉಳಿದಿದೆ. ನಾಳೆ ಬಂದಿದ್ದರೆ ಅದನ್ನೂ ಹೇಳಲಾಗುತ್ತಿರಲಿಲ್ಲ," ಎಂದರು ಡಾಕ್ಟರು.

ಸೂಜಿಮೊನೆಯಷ್ಟು ಚುಕ್ಕೆ, ಒಂದು ಹನಿ ರಕ್ತವೂ ಇಲ್ಲ, ಅದಕ್ಕೆ ಒಂದು ಬೆರಳು ಹೋಯಿತು ಎಂದರೆ ಮನಸ್ಸು ಒಪ್ಪಲೇ ಇಲ್ಲ.

ಫೋನಿನಲ್ಲಿ ಸುದ್ದಿ ಕೇಳಿದ ಕಾಶೀನಾಥ ಭಾಲ್ಕಿಯಿಂದ ಬರುವಷ್ಟರಲ್ಲಿ ಮಾವನಿಗೆ ಎಚ್ಚರವಾಗಿತ್ತು. ಬಂದವನು ಬ್ಯಾಂಡೇಜ್ ನೋಡಿ ಮಂಚದ ಕಂಬಿ ಹಿಡಿದು ನಿಂತುಬಿಟ್ಟ.

"ಅಪ್ಪಾ, ಚಾಲೂ ಇದ್ದ ಮಿಷಿನ್ನಿಗಿ ಕೈ ಹಚ್ಚಂತ ಯಾರು ಹೇಳಿದ್ರು?"

ನನ್ನ ನಾಲಿಗೆಯ ಮೇಲೆ ಶರಫೋದ್ದೀನನ ಹೆಸರು ಸಿದ್ಧವಾಗಿತ್ತು. ಪಾಪದವನು ಹೊರಗೆ ಬೆಂಚಿನ ಮೇಲೆ ಕುಳಿತು ಇನ್ನೂ ನಮಾಜು ಮಾಡುವವನಂತೆ ತುಟಿ ಅಲುಗಿಸುತ್ತಿದ್ದ.

"ಯಾರೂ ಹೇಳಿಲ್ಲ," ಎಂದರು ಮಾವ. "ನಂದೇ ಖೋಡಿ ಬುದ್ಧಿ. ನಾನೇ ಹಚ್ಚೀನಿ." ಹೇಳಿ ಕಣ್ಣು ಮುಚ್ಚಿಕೊಂಡರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಸಾಯುವತನಕ ಮಾವ ಆ ಮಾತು ಬದಲಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

"ಸುಳ್ಳ. ನಾ ಹೇಳೀನಿ," ಎಂದೆ.

"ಸುಮ್ಮನಿರವ್ವಾ," ಎಂದರು ಮಾವ, ಕಣ್ಣು ತೆರೆಯದೆ.

"ಇಲ್ಲ ಮಾವಾ." ಎಲ್ಲ ಹೇಳಿದೆ. ಪೈಪು, ಚಪ್ಪಾಳೆ, ವಿಡಿಯೊದಲ್ಲಿ ಮುಂದಕ್ಕೆ ತಳ್ಳಿದ ಆ ನಲವತ್ತು ಸೆಕೆಂಡಿನ ತುಂಡು. ಕಾಶೀನಾಥ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಆತ ತಂದೆಯ ಎಡಗೈ ಹಿಡಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯದೆ ಕೇಳುವವನಂತೆ ಕೇಳಿದ.

"ಆ ನಲವತ್ತು ಸೆಕೆಂಡ್ ಉಳಿಸಿದಿಯಲ್ಲಾ, ಅದರಾಗ ಏನ್ ಮಾಡಿದಿ?"

ನೆನಪು ಮಾಡಿಕೊಂಡು ನೋಡಿದೆ. ಏನೂ ಮಾಡಿರಲಿಲ್ಲ.