ಏರಿಯ ಬುಡದ ನರಿ

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ಬಲ್ಲವರು ಹೇಳಿದ್ದಾರೆ. ಹಿಂದೆ ಇಬ್ಬರು ಕುಡುಕರಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ. ಇದು ದ್ರಾವಾ ನದಿಯ ದಂಡೆಯಲ್ಲಿ ನಡೆದದ್ದು, ಒಂದಕ್ಷರ ಸುಳ್ಳಿಲ್ಲ.

ಕೊಯ್ದ ಮೆಕ್ಕೆಜೋಳದ ಹೊಲದಲ್ಲಿ ದ್ರಾಗುತಿನ್ ಬೋರಲು ಮಲಗಿದ್ದ. ನೂರೈವತ್ತು ಹೆಜ್ಜೆ ಆಚೆ, ನದಿಯ ಏರಿಯ ಬುಡದಲ್ಲಿ ನರಿ ಕೂತಿತ್ತು.

"ಹೊಡಿಯೋ ದ್ರಾಗೊ! ಅದೇನು ಮದುವೆ ಹೆಣ್ಣಾ, ನೋಡ್ತಾ ಇರೋಕೆ?" ಬೇಟೆ ಸಂಘದ ಅಧ್ಯಕ್ಷ ಇಮ್ರೊ ಹಿಂದಿನಿಂದ ಪಿಸುಗುಟ್ಟಿದ.

"ನನ್ ಕೋಳಿ ತಿಂದಿದ್ದು ಇದೇ ಮುಂಡೇದು," ಎಂದ ಅವನ ಪಕ್ಕದ ಬ್ಲಾಝ್.

ಯುದ್ಧದಲ್ಲಿ ದ್ರಾಗುತಿನ್ ಸ್ನೈಪರ್ ಆಗಿದ್ದ. ಅವನ ಗುರಿಗೆ ಸಿಕ್ಕ ಯಾರಿಗೂ ಎರಡನೆಯ ಗುಂಡು ಬೇಕಾಗಿರಲಿಲ್ಲ. ಪದಕ ಕೊಟ್ಟರು. ಆಮೇಲೆ ಇಪ್ಪತ್ತೆಂಟು ವರ್ಷ ಅವನು ಬಂದೂಕು ಮುಟ್ಟಲಿಲ್ಲ. ಆದರೂ ಅವನು ಕಾಫಿ ಅಂಗಡಿಗೆ ಬಂದರೆ ಕಿಟಕಿ ಪಕ್ಕ ಕೂತವರು ಮೆಲ್ಲಗೆ ಜಾಗ ಬದಲಿಸುತ್ತಿದ್ದರು. ಅವನೊಂದಿಗೆ ತಮಾಷೆ ಮಾಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಊರವನಾಗಬೇಕಾದರೆ ಸಂಘ ಸೇರಬೇಕು. ಸಂಘ ಸೇರಬೇಕಾದರೆ ಒಂದು ಬೇಟೆ ಕೆಡವಬೇಕು. ಆಗ ಕೆಡವಿದವನನ್ನು ಅದರ ಪಕ್ಕದಲ್ಲೇ ಬೋರಲು ಮಲಗಿಸಿ, ಅಂಡಿಗೆ ಮೂರು ಬೆತ್ತದೇಟು ಕೊಟ್ಟು 'ನಮ್ಮವನು' ಅನ್ನುತ್ತಾರೆ. ಕೆಡವದಿದ್ದರೆ ಮತ್ತೆ ಅದೇ ಖಾಲಿ ಕುರ್ಚಿಗಳು. ಕೆಡವಿದರೆ? ಕಷ್ಟಪಟ್ಟು ಮರಳಿ ಬಂದಿದ್ದ ನಿದ್ದೆ ಮತ್ತೆ ಎದ್ದು ಹೋಗಬಹುದು.

ಬೆರಳು ಅವನನ್ನು ಕೇಳಲಿಲ್ಲ. ಗುಂಡು ಹಾರಿತು.

ನರಿ ಕೂತೇ ಇತ್ತು.

"ಗಾಳಿ ಇತ್ತೇನೋ," ಬ್ಲಾಝ್ ಕೆಮ್ಮಿದ.

ಗಾಳಿ ಇರಲಿಲ್ಲ. ಇನ್ನೊಂದು ಹೊಡೆದ. ಮತ್ತೊಂದು. ನರಿ ಕಿವಿಯನ್ನೂ ಅಲುಗಿಸದೆ ಅವನನ್ನೇ ನೋಡುತ್ತಿತ್ತು. ಕೆಟ್ಟದ್ದು ಕಣ್ಣೋ, ಕೈಯೋ? ಇಲ್ಲವೇ ಆ ದಿನಗಳೇ ಸುಳ್ಳೋ? ಹಾಗಾದರೆ ಅಂದು ಬಿದ್ದವರು? ಬಂದೂಕು ಅಲ್ಲೇ ಬಿಟ್ಟು ಹೊಲ ದಾಟಿದ.

ನರಿಯನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದರು. ಗಾಜಿನ ಕಣ್ಣು, ನುಸಿ ತಿಂದ ಬಾಲ. ಎದೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ತೂತು. ಕೊರಳಲ್ಲಿ ಇಮ್ರೊನ ಕೈಬರಹದ ಚೀಟಿ: 'ಕ್ಷಮಿಸಣ್ಣ, ನಾನು ಎಪ್ಪತ್ನಾಲ್ಕನೇ ಇಸವಿಯಲ್ಲೇ ಸತ್ತಿದ್ದೀನಿ.'

ಹಿಂದೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ದ್ರಾಗುತಿನ್ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ನಕ್ಕ, ಏರಿಯ ಮೇಲಿನ ಕಾಗೆಗಳೆಲ್ಲ ಹಾರಿಹೋಗುವಷ್ಟು ಜೋರಾಗಿ.

"ಸತ್ತಿದೆ ಕಣ್ರೋ! ಮೊದಲೇ ಸತ್ತಿದೆ!"

ಇಮ್ರೊ, ಬ್ಲಾಝ್ ನಗು ನಿಲ್ಲಿಸಿ ಮುಖ ಮುಖ ನೋಡಿಕೊಂಡರೂ ಅವನದು ನಿಲ್ಲಲಿಲ್ಲ. ನಗುತ್ತಲೇ ನೆಲಕ್ಕೆ ಕುಸಿದು, ನರಿಯನ್ನು ಹಲಗೆ ಸಮೇತ ತೊಡೆಯ ಮೇಲೆ ಎಳೆದುಕೊಂಡು, ತೂತುಗಳಿಂದ ಹೊರಬಂದಿದ್ದ ಒಣಹುಲ್ಲನ್ನು ಒಂದೊಂದೇ ಎಳೆಯಾಗಿ ಒಳಗೆ ಸೇರಿಸತೊಡಗಿದ.