ಬಾನೆಟ್ಟಿನ ಮೇಣ

ಕಸಿಲ್ದಾಳ ಕೈಯಲ್ಲಿದ್ದ ಬಟ್ಟೆ ಅಪ್ಪನ ಹಳೆಯ ಕಾರಿನ ಬಾನೆಟ್ಟಿನ ಮೇಲೆ ಜಾರಿತು. ಬಣ್ಣ ಕಾಯುವ ಸೀಲೆಂಟ್ ಹಿಡಿಯುತ್ತಿರಲಿಲ್ಲ, ತಟ್ಟೆಯ ಜಿಡ್ಡಿನಂತೆ ಪಟ್ಟೆಪಟ್ಟೆಯಾಗಿ ಹರಡುತ್ತಿತ್ತು. ಬಗ್ಗಿ ಮೂಸಿದಳು. ಮೇಣ.

“ಫಿದೆನ್ಸಿಯೊ!”

ಅಣ್ಣ ಕಾಫಿ ಲೋಟದ ಸಮೇತ ಅಂಗಳಕ್ಕೆ ಬಂದ. ಉಕ್ಕಿನ ಕಾರ್ಖಾನೆಯ ಮಸಿ ಇನ್ನೂ ಕತ್ತಿನ ಮೇಲಿತ್ತು.

“ಇದಕ್ಕೆ ಮೇಣ ಹಚ್ಚಿದ್ದು ಯಾರು?”

“ನಾನೇ. ಪಾಳಿ ಮುಗಿಸ್ಕೊಂಡು ಬಂದೆ, ನಿಂಗೂ ಸಹಾಯ ಆಗ್ಲಿ ಅಂತ...”

“ಸಹಾಯ! ಮೊದ್ಲು ಸೀಲೆಂಟು, ಅದು ಒಣಗಿದ್ಮೇಲೆ ಮೇಣ. ಮೇಣದ ಮೇಲೆ ಸೀಲೆಂಟ್ ಕೂರಲ್ಲ ಅಂತ ಅಪ್ಪ ಸಾಯೋವರ್ಗೂ ಬಡ್ಕೊಂಡ್ರಲ್ಲ, ಕಿವೀಲಿ ಏನ್ ತುಂಬ್ಕೊಂಡಿದ್ದೆ?”

ಅವನು ಮರೆತಿರಲಿಲ್ಲ, ಸರಿಯಾದ ಕ್ರಮ ಅವನಿಗೆ ಬೇಕಾಗಿರಲಿಲ್ಲ ಅಷ್ಟೆ. ಹಳೆಯ ಕಾರುಗಳ ಸಂಘದಲ್ಲಿ ಒಂದು ಕಟ್ಟಳೆಯಿದೆ: ಹೊಳಪು ಕೊಟ್ಟ ಕೈಯೇ ಭಾನುವಾರದ ಮೆರವಣಿಗೆಯಲ್ಲಿ ಸ್ಟಿಯರಿಂಗ್ ಹಿಡಿಯಬೇಕು. ಅಪ್ಪ ಹೋದ ಮೇಲೆ ಇದೇ ಮೊದಲ ಮೆರವಣಿಗೆ. ಬೇಸಿಗೆಯಿಡೀ ಕಾರನ್ನು ಉಜ್ಜಿದವಳು ಕಸಿಲ್ದಾ. ಬಾನೆಟ್ಟಿಗೆ ಒಮ್ಮೆ ಕೈಯಾಡಿಸಿದ ಅಣ್ಣ ನಾಳೆ ‘ನಾನೂ ಹಚ್ಚಿದೆ’ ಅನ್ನುತ್ತಾನೆ. ಸ್ಟಿಯರಿಂಗ್ ಅವನ ಕೈಗೆ ಕೊಡಲು ಸಂಘದ ಗಂಡಸರಿಗೆ ಅಷ್ಟು ನೆಪ ಸಾಕು.

“ಬಕೆಟ್ಟಿಗೆ ಒಂದ್ ಮುಚ್ಚಳ ಆ ನಿನ್ನ ಕಾರು ತೊಳೆಯೋ ದ್ರಾವಣ ಹಾಕಿ ಒರೆಸ್ಬಿಡು. ನೀರೇ ಸುರೀಬೇಕಾಗಿಲ್ಲ ಅಂತ ಜಂಬ ಕೊಚ್ಕೊಳ್ತಿದ್ದೆಯಲ್ಲ.”

“ಅದು ಧೂಳು ತೆಗಿಯುತ್ತೆ, ಮೇಣ ಮುಟ್ಟಲ್ಲ. ಅದಕ್ಕೇ ಅದನ್ನ ಕೊಳ್ಳೋದು, ಪೆದ್ದ! ಇದಕ್ಕೆ ಪಾತ್ರೆ ಸೋಪು ಬೇಕು, ಮೇಲಿಂದ ಸುರಿಯೋಕೆ ನೀರು ಬೇಕು.”

“ಅಯ್ಯೋ ಪಾಪ.” ಫಿದೆನ್ಸಿಯೊ ಕಾಫಿ ಹೀರಿದ. “ಈ ಬರದಲ್ಲಿ ಮಾಂಟೆರೇಲಿ ನೀರಾ? ನಲ್ಲಿ ಬರೋದು ನಾಳೆ ಸಂಜೆ. ಅಡುಗೆ ನೀರು ಮುಟ್ಟಿದ್ರೆ ಅಮ್ಮ ಚರ್ಮ ಸುಲೀತಾಳೆ.”

ಕಸಿಲ್ದಾ ಮನೆಯ ಹಿಂದಕ್ಕೆ ನಡೆದಳು. ಬಚ್ಚಲಿನ ಹಿಂದೆ ಒಂದು ನೀಲಿ ಡ್ರಮ್ಮಿತ್ತು. ಟ್ಯಾಂಕರಿನ ಮುಂದೆ ಸಾಲು ನಿಂತು, ಮೆರವಣಿಗೆಯ ಸ್ನಾನಕ್ಕೆಂದು ಅವನು ತುಂಬಿಸಿಟ್ಟಿದ್ದ ನೀರು. ಅದನ್ನು ದರದರ ಎಳೆದು ತಂದಳು.

“ಏಯ್! ಅದು ನಂದು ಕಣೇ!”

“ಮೇಣಾನೂ ನಿಂದೇ ಅಲ್ವಾ?”

ಸೋಪಿನ ನೊರೆ ಹಚ್ಚಿದಳು, ಚೊಂಬು ಚೊಂಬಾಗಿ ಸುರಿದಳು. ಕೊನೆಗೆ ನೀರು ಹನಿಗಟ್ಟದೆ ಹಾಳೆಯಂತೆ ಜಾರಿ ಇಳಿಯಿತು. ಮೇಣ ಪೂರ್ತಿ ಹೋಗಿತ್ತು, ಅವನ ಕೈಗುರುತು ಒಂದೂ ಉಳಿದಿರಲಿಲ್ಲ. ಒಣಗಿಸಿ, ಸೀಲೆಂಟ್ ಎಳೆದಳು. ಈ ಸಲ ಅದು ತೆಳ್ಳಗೆ, ಸಮನಾಗಿ ಕೂತಿತು. ಮೇಣಕ್ಕೆ ನಾಳೆ ಬೆಳಗಿನ ಹೊತ್ತಿದೆ.

ಫಿದೆನ್ಸಿಯೊ ಖಾಲಿ ಡ್ರಮ್ಮಿನೊಳಗೆ ಇಣುಕಿದ. “ನಾಳೆ ಸ್ನಾನ ಇಲ್ದೆ ಹೀಗೇ ಬರ್ಲಾ ನಾನು?”

“ಬಾ. ಹಿಂದಿನ ಸೀಟಲ್ಲಿ ಕೂತ್ಕೊ,” ಎಂದಳು ಕಸಿಲ್ದಾ, ಬಟ್ಟೆ ಹಿಂಡುತ್ತಾ. “ಕಿಟಕಿ ಇಳಿಸಿಟ್ಟಿರ್ತೀನಿ.”